ಎಸ್ಟೋನಿಯಾದಲ್ಲಿ ಕ್ರಿಪ್ಟೋ ವ್ಯವಹಾರ: ಪರವಾನಗಿಗೆ ಬೇಕಾದುದೇನು?

ಯೂರೋಪಿನಲ್ಲಿ ಕ್ರಿಪ್ಟೋ ಕರೆನ್ಸಿಯ ವ್ಯವಹಾರ ಆರಂಭಿಸಲು ಎಸ್ಟೋನಿಯಾದಷ್ಟು ಸುಲಭವಾದ ದೇಶ ಇನ್ನೊಂದಿಲ್ಲ ಎಂಬ ಮಾತು ವಾಣಿಜ್ಯ ವಲಯದಲ್ಲಿ ಬಹಳ ಕಾಲ ಪ್ರಚಲಿತವಾಗಿತ್ತು. 2017ರಿಂದ 2019ರವರೆಗೆ ಆ ಮಾತಿನಲ್ಲಿ ಸತ್ಯಾಂಶವೂ ಇತ್ತು. ಇಂದಿನ ಸ್ಥಿತಿ ಸಂಪೂರ್ಣವಾಗಿ ಬೇರೆ. ಹಳೆಯ ಮಾಹಿತಿಯನ್ನು ನಂಬಿ, ಮಧ್ಯವರ್ತಿಗೆ ಶುಲ್ಕ ತೆತ್ತು, ವಿದೇಶದಲ್ಲಿ ಕಂಪನಿ ನೋಂದಾಯಿಸಿಕೊಂಡವರ ಕೈಯಲ್ಲಿ ಕೊನೆಗೆ ಉಳಿಯುವುದು ನೋಂದಣಿ ಪತ್ರವೊಂದೇ. ಈ ಹಿನ್ನೆಲೆಯಲ್ಲಿ ಎಸ್ಟೋನಿಯಾದ ಪರವಾನಗಿ ವ್ಯವಸ್ಥೆ ಹೇಗೆ ಬೆಳೆದು ಬಂದಿತು, ಈಗ ಅನ್ವಯವಾಗುವ ನಿಯಮಗಳೇನು, ಭಾರತದಲ್ಲಿ ವಾಸಿಸುವ ಉದ್ದಿಮೆದಾರರು ಯಾವ ಅಂಶಗಳನ್ನು ಗಮನದಲ್ಲಿಡಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಸುಲಭ ಪರವಾನಗಿಯ ಕಾಲ

ಬಾಲ್ಟಿಕ್ ಸಮುದ್ರದ ದಂಡೆಯಲ್ಲಿರುವ ಎಸ್ಟೋನಿಯಾದ ಜನಸಂಖ್ಯೆ ಸುಮಾರು 13.7 ಲಕ್ಷ, ಅಂದರೆ ಹೆಚ್ಚುಕಡಿಮೆ 2011ರ ಜನಗಣತಿಯ ಕೊಪ್ಪಳ ಜಿಲ್ಲೆಯಷ್ಟು. 2004ರಲ್ಲಿ ಯೂರೋಪಿಯನ್ ಒಕ್ಕೂಟವನ್ನು ಸೇರಿದ ಈ ದೇಶ 2011ರಿಂದ ಯೂರೋ ನಾಣ್ಯವನ್ನು ಬಳಸುತ್ತಿದೆ. ಸರ್ಕಾರಿ ಸೇವೆಗಳನ್ನು ಗಣಕೀಕರಿಸುವುದರಲ್ಲಿ ಮುಂಚೂಣಿಯಲ್ಲಿರುವ ಎಸ್ಟೋನಿಯಾ, 2014ರ ಡಿಸೆಂಬರ್‌ನಲ್ಲಿ ಇ-ರೆಸಿಡೆನ್ಸಿ ಎಂಬ ಯೋಜನೆಯನ್ನು ಜಾರಿಗೆ ತಂದಿತು. ವಿದೇಶೀಯರು ಡಿಜಿಟಲ್ ಗುರುತಿನ ಚೀಟಿ ಪಡೆದು, ತಾವಿದ್ದ ಊರಿನಿಂದಲೇ ಅಲ್ಲಿ ಕಂಪನಿ ತೆರೆಯಲು ಇದು ದಾರಿ ಮಾಡಿಕೊಟ್ಟಿತು. ಈ ಚೀಟಿಯಿಂದ ಆ ದೇಶದಲ್ಲಿ ವಾಸಿಸುವ ಹಕ್ಕಾಗಲಿ, ಪೌರತ್ವವಾಗಲಿ, ತೆರಿಗೆಯ ನಿವಾಸಿ ಎಂಬ ಸ್ಥಾನವಾಗಲಿ ದೊರೆಯುವುದಿಲ್ಲ ಎಂಬುದನ್ನು ಮೊದಲಿಗೇ ಗಮನಿಸಬೇಕು.

2017ರ ನವೆಂಬರ್ 27ರಂದು ಜಾರಿಗೆ ಬಂದ ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ಅನ್ವಯ ಎಸ್ಟೋನಿಯಾ ಎರಡು ಬಗೆಯ ಪರವಾನಗಿಗಳನ್ನು ನೀಡತೊಡಗಿತು. ಒಂದು, ಕ್ರಿಪ್ಟೋ ಕರೆನ್ಸಿಯನ್ನು ಸಾಮಾನ್ಯ ಹಣಕ್ಕೆ ವಿನಿಮಯ ಮಾಡುವ ವ್ಯವಹಾರಕ್ಕೆ. ಇನ್ನೊಂದು, ಗ್ರಾಹಕರ ಕ್ರಿಪ್ಟೋ ಆಸ್ತಿಯ ಕೀಲಿಯನ್ನು ಕಾಯ್ದಿಡುವ ವ್ಯಾಲೆಟ್ ಸೇವೆಗೆ. ಸರ್ಕಾರಿ ಶುಲ್ಕ ಕೇವಲ 345 ಯೂರೋ. ನೋಂದಾಯಿತ ಕಚೇರಿ ಹಾಗೂ ಆಡಳಿತ ಮಂಡಳಿ ಅದೇ ದೇಶದಲ್ಲಿರಬೇಕೆಂಬ ಕಟ್ಟುನಿಟ್ಟು ಇರಲಿಲ್ಲ. ಯೂರೋಪಿಯನ್ ಒಕ್ಕೂಟದ ಸದಸ್ಯ ದೇಶವೊಂದರ ಪರವಾನಗಿ ಇಷ್ಟು ಅಗ್ಗವಾಗಿ ದೊರೆಯುತ್ತಿದ್ದುದರಿಂದ ಅರ್ಜಿಗಳ ಮಹಾಪೂರವೇ ಹರಿದುಬಂದಿತು. ಎರಡು ವರ್ಷಗಳೊಳಗೆ ನೀಡಲಾದ ಪರವಾನಗಿಗಳ ಸಂಖ್ಯೆ ಸಾವಿರವನ್ನು ದಾಟಿತು.

ಇವುಗಳಲ್ಲಿ ಅನೇಕ ಸಂಸ್ಥೆಗಳಿಗೆ ಎಸ್ಟೋನಿಯಾದಲ್ಲಿ ಕಚೇರಿಯಾಗಲಿ, ನೌಕರರಾಗಲಿ, ಗ್ರಾಹಕರಾಗಲಿ ಇರಲಿಲ್ಲ. ಪರವಾನಗಿಯ ಹೆಸರು ಎಸ್ಟೋನಿಯಾದ್ದು, ವ್ಯವಹಾರವೆಲ್ಲ ಬೇರೆಲ್ಲಿಯದೋ ಎಂಬಂತಾಯಿತು.

ಬಿಗಿಯಾದ ಹಿಡಿತ

ಇದೇ ಅವಧಿಯಲ್ಲಿ ಎಸ್ಟೋನಿಯಾದ ಹಣಕಾಸು ಕ್ಷೇತ್ರ ಇನ್ನೊಂದು ದೊಡ್ಡ ಪೆಟ್ಟನ್ನು ತಿಂದಿತ್ತು. ಡೆನ್ಮಾರ್ಕ್ ಮೂಲದ ಡಾನ್ಸ್ಕೆ ಬ್ಯಾಂಕಿನ ಎಸ್ಟೋನಿಯಾ ಶಾಖೆಯ ಮೂಲಕ 2007ರಿಂದ 2015ರವರೆಗೆ ವಿದೇಶೀ ಗ್ರಾಹಕರ ಸುಮಾರು 20,000 ಕೋಟಿ ಯೂರೋ ಹಣ ಹಾದುಹೋಗಿತ್ತೆಂದೂ, ಅದರ ಬಹುಪಾಲು ಸಂಶಯಾಸ್ಪದವೆಂದೂ 2018ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ತನಿಖಾ ವರದಿ ತಿಳಿಸಿತು. 2019ರಲ್ಲಿ ಆ ಶಾಖೆಯನ್ನು ಮುಚ್ಚುವಂತೆ ಎಸ್ಟೋನಿಯಾ ಆದೇಶಿಸಿತು. ಒಮ್ಮೆ ಕೆಟ್ಟ ಹೆಸರನ್ನು ಹೊತ್ತ ದೇಶವು ಕ್ರಿಪ್ಟೋ ಪರವಾನಗಿಯ ಮೂಲಕ ಅದೇ ಹೆಸರನ್ನು ಮತ್ತೆ ಹೊರಲು ಸಿದ್ಧವಿರಲಿಲ್ಲ.

2020ರ ಮಾರ್ಚ್ 10ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಎರಡು ಪರವಾನಗಿಗಳು ಒಂದಾದವು. ಶುಲ್ಕ 345 ಯೂರೋದಿಂದ 3,300 ಯೂರೋಗೆ ಏರಿತು. ಕನಿಷ್ಠ 12,000 ಯೂರೋ ಬಂಡವಾಳ, ಎಸ್ಟೋನಿಯಾದಲ್ಲಿಯೇ ನೋಂದಾಯಿತ ಕಚೇರಿ, ಆಡಳಿತ ಮಂಡಳಿ ಹಾಗೂ ವ್ಯವಹಾರ ಸ್ಥಳ ಕಡ್ಡಾಯವಾದವು. ಹಳೆಯ ಪರವಾನಗಿದಾರರಿಗೂ ಈ ಷರತ್ತುಗಳು ಅನ್ವಯವಾಗಿ, 2020ರ ಜುಲೈ 1ರೊಳಗೆ ಅವುಗಳನ್ನು ಪೂರೈಸಬೇಕಾಯಿತು. ಆ ವರ್ಷದ ಮಧ್ಯಭಾಗದ ವೇಳೆಗಾಗಲೇ ಸುಮಾರು 500 ಪರವಾನಗಿಗಳು ರದ್ದಾಗಿದ್ದವು.

2022ರ ಮಾರ್ಚ್ 15ರ ತಿದ್ದುಪಡಿ ಇನ್ನೂ ಕಠಿಣವಾಗಿತ್ತು. ವಿನಿಮಯ ಹಾಗೂ ವ್ಯಾಲೆಟ್ ಸೇವೆಗೆ ಕನಿಷ್ಠ ಬಂಡವಾಳ 1,00,000 ಯೂರೋ, ವರ್ಗಾವಣೆ ಸೇವೆಗೆ 2,50,000 ಯೂರೋ ಎಂದು ನಿಗದಿಯಾಯಿತು. ಶುಲ್ಕ 10,000 ಯೂರೋಗೆ ಏರಿತು. ಲೆಕ್ಕ ಪರಿಶೋಧನೆ ಕಡ್ಡಾಯವಾಯಿತು. ಆಡಳಿತ ಮಂಡಳಿಯ ಸದಸ್ಯರಿಗೆ ಉನ್ನತ ಶಿಕ್ಷಣ ಹಾಗೂ ಕನಿಷ್ಠ ಎರಡು ವರ್ಷಗಳ ವೃತ್ತಿ ಅನುಭವ ಇರಬೇಕೆಂದೂ, ಒಬ್ಬ ವ್ಯಕ್ತಿ ಇಂತಹ ಎರಡಕ್ಕಿಂತ ಹೆಚ್ಚು ಕಂಪನಿಗಳ ಮಂಡಳಿಯಲ್ಲಿ ಇರಕೂಡದೆಂದೂ ವಿಧಿಸಲಾಯಿತು.

ಇದರ ಪರಿಣಾಮವನ್ನು ಎಸ್ಟೋನಿಯಾದ ಹಣಕಾಸು ಗುಪ್ತಚರ ಘಟಕ 2023ರ ಮೇ ತಿಂಗಳಲ್ಲಿ ಪ್ರಕಟಿಸಿತು. ತಿದ್ದುಪಡಿ ಜಾರಿಯಾದ ನಂತರ ಸುಮಾರು 200 ಸಂಸ್ಥೆಗಳು ತಾವಾಗಿಯೇ ಬಾಗಿಲು ಮುಚ್ಚಿದ್ದವು. ಇನ್ನೂ 189 ಸಂಸ್ಥೆಗಳ ಪರವಾನಗಿ ರದ್ದಾಗಿತ್ತು. 2023ರ ಮೇ 1ರಂದು ಉಳಿದಿದ್ದ ಸಂಸ್ಥೆಗಳು ಕೇವಲ 100. ಪರಿಶೀಲನೆಯ ವೇಳೆ ಕಂಡುಬಂದ ಸಂಗತಿಗಳನ್ನೂ ಘಟಕ ತಿಳಿಸಿತು. ಕೆಲವು ಕಂಪನಿಗಳು ತಮ್ಮ ಮಂಡಳಿಯ ಸದಸ್ಯರೆಂದು ತೋರಿಸಿದ್ದ ವ್ಯಕ್ತಿಗಳಿಗೆ ಆ ವಿಷಯವೇ ತಿಳಿದಿರಲಿಲ್ಲ. ವೃತ್ತಿ ಅನುಭವದ ವಿವರಗಳನ್ನು ತಿರುಚಲಾಗಿತ್ತು. ಬೇರೆ ಬೇರೆ ಕಂಪನಿಗಳು ಸಲ್ಲಿಸಿದ್ದ ವ್ಯವಹಾರ ಯೋಜನೆಗಳು ಒಂದರ ನಕಲು ಇನ್ನೊಂದಾಗಿದ್ದವು.

ಕರ್ನಾಟಕದ ವರ್ತಕರಿಗೆ ಈ ಬದಲಾವಣೆಯನ್ನು ಒಂದು ಹೋಲಿಕೆಯಿಂದ ಸುಲಭವಾಗಿ ತಿಳಿಸಬಹುದು. ನಗರಸಭೆಯ ಟ್ರೇಡ್ ಲೈಸೆನ್ಸಿಗೆ ಅರ್ಜಿ, ಶುಲ್ಕ, ವಿಳಾಸದ ದಾಖಲೆಗಳಿದ್ದರೆ ಬಹುಮಟ್ಟಿಗೆ ಸಾಕಾಗುತ್ತದೆ. ಔಷಧ ಅಂಗಡಿಯ ಲೈಸೆನ್ಸಿಗೆ ನಿಗದಿತ ಸ್ಥಳ, ಶೀತಲ ವ್ಯವಸ್ಥೆ, ನೋಂದಾಯಿತ ಫಾರ್ಮಸಿಸ್ಟ್, ಮಾರಾಟದ ದಾಖಲೆ ಇವೆಲ್ಲವೂ ಬೇಕು. ಫಾರ್ಮಸಿಸ್ಟರ ಸರ್ಟಿಫಿಕೇಟನ್ನು ಮಾತ್ರ ಬಾಡಿಗೆಗೆ ತಂದು ಗೋಡೆಗೆ ತೂಗುಹಾಕಿದರೆ ತಪಾಸಣೆಯ ದಿನ ಸಿಕ್ಕಿಬೀಳುವುದು ಖಚಿತ. ಎಸ್ಟೋನಿಯಾದ ಕ್ರಿಪ್ಟೋ ಪರವಾನಗಿ ಐದೇ ವರ್ಷಗಳಲ್ಲಿ ಮೊದಲನೆಯ ಬಗೆಯಿಂದ ಎರಡನೆಯ ಬಗೆಗೆ ಬದಲಾಯಿತು. ಹೆಸರನ್ನು ಬಾಡಿಗೆಗೆ ಪಡೆದಿದ್ದವರು ಹೊರಬಿದ್ದರು.

ಮಿಕಾ: ಇಡೀ ಒಕ್ಕೂಟಕ್ಕೆ ಒಂದೇ ನಿಯಮಾವಳಿ

ಒಂದು ದೇಶ ಬಿಗಿ ಮಾಡಿದರೆ ವ್ಯವಹಾರ ಪಕ್ಕದ ದೇಶಕ್ಕೆ ಸರಿಯುತ್ತದೆ. ಇದನ್ನು ತಡೆಯಲು ಯೂರೋಪಿಯನ್ ಒಕ್ಕೂಟ ಕ್ರಿಪ್ಟೋ ಆಸ್ತಿಗಳ ಮಾರುಕಟ್ಟೆ ನಿಯಮಾವಳಿಯನ್ನು ರೂಪಿಸಿತು. ಇದನ್ನು ಸಂಕ್ಷಿಪ್ತವಾಗಿ ಮಿಕಾ ಎಂದು ಕರೆಯುತ್ತಾರೆ. 2023ರ ಜೂನ್ 29ರಂದು ಅಸ್ತಿತ್ವಕ್ಕೆ ಬಂದ ಇದರಲ್ಲಿ ಸ್ಥಿರ ಮೌಲ್ಯದ ಟೋಕನ್‌ಗಳಿಗೆ ಸಂಬಂಧಿಸಿದ ಭಾಗ 2024ರ ಜೂನ್ 30ರಿಂದಲೂ, ವಿನಿಮಯ, ಕಾಯ್ದಿಡುವಿಕೆ ಮುಂತಾದ ಸೇವೆಗಳ ಭಾಗ 2024ರ ಡಿಸೆಂಬರ್ 30ರಿಂದಲೂ ಅನ್ವಯವಾಗುತ್ತಿವೆ.

ಇದಕ್ಕೆ ಅನುಗುಣವಾಗಿ ಎಸ್ಟೋನಿಯಾ ತನ್ನ ಕ್ರಿಪ್ಟೋ ಆಸ್ತಿ ಮಾರುಕಟ್ಟೆ ಕಾಯಿದೆಯನ್ನು 2024ರ ಜುಲೈ 1ರಿಂದ ಜಾರಿಗೆ ತಂದಿತು. ಪರವಾನಗಿ ನೀಡುವ ಅಧಿಕಾರ ಹಣಕಾಸು ಗುಪ್ತಚರ ಘಟಕದಿಂದ ಹಣಕಾಸು ಮೇಲ್ವಿಚಾರಣಾ ಪ್ರಾಧಿಕಾರಕ್ಕೆ ವರ್ಗವಾಯಿತು. ಈ ಪ್ರಾಧಿಕಾರವೇ ಆ ದೇಶದ ಬ್ಯಾಂಕು ಹಾಗೂ ವಿಮಾ ಸಂಸ್ಥೆಗಳ ಮೇಲ್ವಿಚಾರಣೆ ನಡೆಸುವ ಸಂಸ್ಥೆ ಎಂಬುದು ಗಮನಾರ್ಹ. ಹಳೆಯ ಪರವಾನಗಿದಾರರು ಹೊಸ ಪರವಾನಗಿ ಪಡೆಯಲು 2026ರ ಜುಲೈ 1ನ್ನು ಅಂತಿಮ ಗಡುವೆಂದು ಗೊತ್ತುಪಡಿಸಲಾಯಿತು. ಆದ್ದರಿಂದ ಹಳೆಯ ಕಾಯಿದೆಯಡಿಯ ಎಸ್ಟೋನಿಯಾ ಪರವಾನಗಿಯನ್ನು ಯಾರಾದರೂ ಮಾರಲು ಬಂದರೆ ಅದಕ್ಕೆ ಬೆಲೆ ಕಟ್ಟುವ ಅಗತ್ಯವೇ ಇಲ್ಲ.

ಪರವಾನಗಿ ಯಾರಿಗೆ ಬೇಕು?

ಮಿಕಾ ಹತ್ತು ಬಗೆಯ ಸೇವೆಗಳನ್ನು ಪಟ್ಟಿ ಮಾಡಿದೆ: ಗ್ರಾಹಕರ ಕ್ರಿಪ್ಟೋ ಆಸ್ತಿಯನ್ನು ಕಾಯ್ದಿಡುವುದು, ವಹಿವಾಟು ವೇದಿಕೆ ನಡೆಸುವುದು, ಕ್ರಿಪ್ಟೋವನ್ನು ಹಣಕ್ಕೆ ವಿನಿಮಯ ಮಾಡುವುದು, ಒಂದು ಕ್ರಿಪ್ಟೋವನ್ನು ಇನ್ನೊಂದಕ್ಕೆ ವಿನಿಮಯ ಮಾಡುವುದು, ಗ್ರಾಹಕರ ಪರವಾಗಿ ಆದೇಶಗಳನ್ನು ಕಾರ್ಯಗತಗೊಳಿಸುವುದು, ಹೊಸ ಕ್ರಿಪ್ಟೋ ಆಸ್ತಿಗೆ ಕೊಳ್ಳುಗರನ್ನು ಒದಗಿಸುವುದು, ಆದೇಶಗಳನ್ನು ಸ್ವೀಕರಿಸಿ ರವಾನಿಸುವುದು, ಸಲಹೆ ನೀಡುವುದು, ಗ್ರಾಹಕರ ಹೂಡಿಕೆಯನ್ನು ನಿರ್ವಹಿಸುವುದು, ವರ್ಗಾವಣೆ ಸೇವೆ ಒದಗಿಸುವುದು. ಇವುಗಳಲ್ಲಿ ಯಾವುದನ್ನಾದರೂ ಒಕ್ಕೂಟದೊಳಗೆ ವೃತ್ತಿಯಾಗಿ ನಡೆಸುವವರು ಪರವಾನಗಿ ಪಡೆಯಬೇಕು.

ಸ್ವಂತಕ್ಕೆಂದು ಕ್ರಿಪ್ಟೋ ಕೊಳ್ಳುವವರಿಗೆ ಇದು ಅನ್ವಯಿಸುವುದಿಲ್ಲ. ಪರವಾನಗಿದಾರ ಸಂಸ್ಥೆಗೆ ಕೇವಲ ಸಾಫ್ಟ್‌ವೇರ್ ತಯಾರಿಸಿಕೊಡುವ ಕಂಪನಿಗೂ ಈ ಪರವಾನಗಿ ಬೇಕಿಲ್ಲ. ಆದರೆ ಬೆಂಗಳೂರಿನ ಸಾಫ್ಟ್‌ವೇರ್ ಉದ್ದಿಮೆಗಳು ಒಂದು ಸಂಗತಿಯನ್ನು ನೆನಪಿಡಬೇಕು. 2025ರ ಜನವರಿ 17ರಿಂದ ಅನ್ವಯವಾಗುತ್ತಿರುವ ಒಕ್ಕೂಟದ ಡಿಜಿಟಲ್ ಕಾರ್ಯಸ್ಥಿರತೆಯ ನಿಯಮಾವಳಿಯಂತೆ, ಪರವಾನಗಿದಾರ ಸಂಸ್ಥೆ ತನ್ನ ತಂತ್ರಾಂಶ ಪೂರೈಕೆದಾರರ ಜೊತೆಗಿನ ಕರಾರಿನಲ್ಲಿ ಸೇವಾ ಮಟ್ಟ, ದತ್ತಾಂಶದ ಸುರಕ್ಷತೆ, ತಪಾಸಣೆಯ ಹಕ್ಕು, ಕರಾರು ಮುಗಿದಾಗ ಅನುಸರಿಸಬೇಕಾದ ಕ್ರಮ ಮುಂತಾದ ಷರತ್ತುಗಳನ್ನು ಸೇರಿಸಲೇಬೇಕು. ಇಂತಹ ಕರಾರಿಗೆ ಸಹಿ ಹಾಕುವ ಮುನ್ನ ಬೆಲೆ ನಿಗದಿಯಲ್ಲಿ ಈ ಹೊಣೆಯ ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸೂಕ್ತ.

ಒಕ್ಕೂಟದ ಹೊರಗಿನ ಸಂಸ್ಥೆಯೊಂದು ಪರವಾನಗಿಯಿಲ್ಲದೆ ಅಲ್ಲಿನ ಗ್ರಾಹಕನಿಗೆ ಸೇವೆ ನೀಡಬಹುದಾದ ಸಂದರ್ಭ ಒಂದೇ: ಗ್ರಾಹಕ ಸಂಪೂರ್ಣವಾಗಿ ತನ್ನ ಸ್ವಂತ ಇಚ್ಛೆಯಿಂದ ಆ ಸಂಸ್ಥೆಯನ್ನು ಹುಡುಕಿಕೊಂಡು ಬಂದಿರಬೇಕು. ಜಾಹೀರಾತು ನೀಡಿ, ಪ್ರಚಾರಕರನ್ನು ನೇಮಿಸಿ, ಕೆಳಗೆ ಸಣ್ಣ ಅಕ್ಷರಗಳಲ್ಲಿ ಗ್ರಾಹಕರೇ ತಾವಾಗಿ ಬಂದಿದ್ದಾರೆಂದು ಬರೆದುಕೊಂಡರೆ ಅದು ಊರ್ಜಿತವಾಗುವುದಿಲ್ಲ.

ಬಂಡವಾಳದ ಲೆಕ್ಕ

ಎಸ್ಟೋನಿಯಾದಲ್ಲಿ ಸಾಮಾನ್ಯ ಖಾಸಗಿ ಕಂಪನಿಗೆ 2023ರ ಫೆಬ್ರವರಿ 1ರವರೆಗೆ 2,500 ಯೂರೋ ಕನಿಷ್ಠ ಬಂಡವಾಳ ಬೇಕಿತ್ತು; ಆ ದಿನದಿಂದ ಒಂದು ಸೆಂಟ್ ಬಂಡವಾಳದಿಂದಲೂ ಕಂಪನಿ ತೆರೆಯಬಹುದು. ಜಾಹೀರಾತುಗಳಲ್ಲಿ ಎದ್ದು ಕಾಣುವುದು ಈ ಅಂಕಿಯೇ. ಕ್ರಿಪ್ಟೋ ಪರವಾನಗಿಗೆ ಬೇಕಾದ ಬಂಡವಾಳದ ಲೆಕ್ಕವೇ ಬೇರೆ. ಮಿಕಾ ಸೇವೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದೆ:

1. ಸಲಹೆ, ಆದೇಶ ಸ್ವೀಕಾರ ಮತ್ತು ಕಾರ್ಯಗತಗೊಳಿಸುವಿಕೆ, ಕೊಳ್ಳುಗರನ್ನು ಒದಗಿಸುವುದು, ಹೂಡಿಕೆ ನಿರ್ವಹಣೆ, ವರ್ಗಾವಣೆ: 50,000 ಯೂರೋ.
2. ಮೇಲಿನ ಸೇವೆಗಳ ಜೊತೆಗೆ ಕಾಯ್ದಿಡುವಿಕೆ ಅಥವಾ ವಿನಿಮಯ: 1,25,000 ಯೂರೋ.
3. ಇವುಗಳ ಜೊತೆಗೆ ವಹಿವಾಟು ವೇದಿಕೆ ನಡೆಸುವುದು: 1,50,000 ಯೂರೋ.

ಲೆಕ್ಕದ ಅನುಕೂಲಕ್ಕಾಗಿ ಯೂರೋ ಒಂದಕ್ಕೆ ನೂರು ರೂಪಾಯಿ ಎಂದು ಹಿಡಿದರೂ ವಿನಿಮಯ ಸೇವೆಗೆ ಒಂದೂಕಾಲು ಕೋಟಿ ರೂಪಾಯಿ ಬೇಕಾಗುತ್ತದೆ. ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ಮೇಲಿನ ಮೊತ್ತ ಅಥವಾ ಹಿಂದಿನ ವರ್ಷದ ಸ್ಥಿರ ವೆಚ್ಚದ ನಾಲ್ಕನೆಯ ಒಂದು ಭಾಗ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಸಂಸ್ಥೆ ಸದಾ ಕಾಯ್ದುಕೊಳ್ಳಬೇಕು. ಉದಾಹರಣೆಗೆ, ವಿನಿಮಯ ಸೇವೆ ನಡೆಸುವ ಸಂಸ್ಥೆಯೊಂದರ ಬಾಡಿಗೆ, ಸಂಬಳ, ತಂತ್ರಾಂಶ, ಪರಿಶೋಧನೆ ಮುಂತಾದ ವಾರ್ಷಿಕ ಸ್ಥಿರ ವೆಚ್ಚ 8,00,000 ಯೂರೋ ಎಂದಿಟ್ಟುಕೊಳ್ಳೋಣ. ಅದರ ಕಾಲುಭಾಗ 2,00,000 ಯೂರೋ. ಇದು 1,25,000ಕ್ಕಿಂತ ಹೆಚ್ಚಾದುದರಿಂದ ಆ ಸಂಸ್ಥೆಗೆ 2,00,000 ಯೂರೋ ಬೇಕು. ಹೊಸ ಸಂಸ್ಥೆಯಾದರೆ ಮೊದಲ ಹನ್ನೆರಡು ತಿಂಗಳ ಅಂದಾಜು ಸ್ಥಿರ ವೆಚ್ಚವನ್ನು ಆಧಾರವಾಗಿ ತೆಗೆದುಕೊಳ್ಳಬೇಕು. ಈ ಹೊಣೆಯನ್ನು ಸ್ವಂತ ಬಂಡವಾಳದಿಂದ, ವಿಮಾ ಪಾಲಿಸಿಯಿಂದ ಅಥವಾ ಎರಡನ್ನೂ ಸೇರಿಸಿ ಪೂರೈಸಲು ಅವಕಾಶವಿದೆ.

ಅಂದರೆ, ಅರ್ಜಿಯ ದಿನ ಖಾತೆಯಲ್ಲಿ ಹಣ ತೋರಿಸಿ ಮಾರನೆಯ ದಿನ ಹಿಂತೆಗೆಯುವಂತಿಲ್ಲ. ನಷ್ಟ ಬಂದ ವರ್ಷದಲ್ಲಿಯೂ ಈ ಮಟ್ಟ ಕುಸಿಯದಂತೆ ನೋಡಿಕೊಳ್ಳಬೇಕಾದುದರಿಂದ, ಯೋಜನೆಯ ಹಂತದಲ್ಲಿಯೇ ಕನಿಷ್ಠ ಮೊತ್ತಕ್ಕಿಂತ ಹೆಚ್ಚಿನ ಬಂಡವಾಳವನ್ನು ಹೊಂದಿಸಿಕೊಳ್ಳುವುದು ವಿವೇಕ.

ಸ್ಥಳ ಮತ್ತು ವ್ಯಕ್ತಿಗಳು

ಪರವಾನಗಿ ಕೋರುವ ಸಂಸ್ಥೆಯ ನೋಂದಾಯಿತ ಕಚೇರಿ ಸದಸ್ಯ ದೇಶದಲ್ಲಿರಬೇಕು. ಸೇವೆಯ ಒಂದು ಭಾಗವನ್ನಾದರೂ ಆ ದೇಶದಲ್ಲಿ ನಡೆಸಬೇಕು. ಪರಿಣಾಮಕಾರಿ ಆಡಳಿತ ಒಕ್ಕೂಟದೊಳಗೆ ನಡೆಯಬೇಕು. ನಿರ್ದೇಶಕರಲ್ಲಿ ಕನಿಷ್ಠ ಒಬ್ಬರು ಒಕ್ಕೂಟದ ನಿವಾಸಿಯಾಗಿರಬೇಕು. ಎಲ್ಲ ನಿರ್ಣಯಗಳನ್ನೂ ಬೆಂಗಳೂರಿನಲ್ಲಿ ಅಥವಾ ದುಬೈಯಲ್ಲಿ ಕುಳಿತು ಕೈಗೊಂಡು, ತಾಲಿನ್ ನಗರದಲ್ಲಿ ಅಂಚೆ ವಿಳಾಸವನ್ನು ಮಾತ್ರ ಇಟ್ಟುಕೊಂಡರೆ ಈ ಷರತ್ತು ಪೂರೈಸಿದಂತಾಗುವುದಿಲ್ಲ. ಕೆಲಸಗಳನ್ನು ಹೊರಗುತ್ತಿಗೆಗೆ ನೀಡಬಹುದಾದರೂ ಹೊಣೆಯನ್ನು ಹೊರಗುತ್ತಿಗೆಗೆ ನೀಡುವಂತಿಲ್ಲ.

ನಿರ್ದೇಶಕರ ಜ್ಞಾನ, ಅನುಭವ, ನಡತೆ ಹಾಗೂ ಕಂಪನಿಗೆ ಅವರು ನೀಡಬಲ್ಲ ಸಮಯವನ್ನು ಪ್ರಾಧಿಕಾರ ಪರಿಶೀಲಿಸುತ್ತದೆ. ಶೇ. 10 ಅಥವಾ ಅದಕ್ಕಿಂತ ಹೆಚ್ಚು ಪಾಲು ಹೊಂದಿರುವ ಷೇರುದಾರರೂ ಈ ಪರಿಶೀಲನೆಗೆ ಒಳಪಡುತ್ತಾರೆ. ಈಗಾಗಲೇ ಪರವಾನಗಿ ಹೊಂದಿರುವ ಕಂಪನಿಯನ್ನು ಕೊಂಡು ಅಡ್ಡದಾರಿಯಲ್ಲಿ ಪ್ರವೇಶಿಸಬಹುದೆಂದು ಕೆಲವರು ಭಾವಿಸುತ್ತಾರೆ. ಅಲ್ಲಿಯೂ ಕೊಳ್ಳುವವರು ಪ್ರಾಧಿಕಾರಕ್ಕೆ ಮುಂಚಿತವಾಗಿ ತಿಳಿಸಲೇಬೇಕು. ಪ್ರಾಧಿಕಾರಕ್ಕೆ 60 ಕೆಲಸದ ದಿನಗಳ ಪರಿಶೀಲನಾ ಅವಧಿ ಇದೆ, ನಿರಾಕರಿಸುವ ಅಧಿಕಾರವೂ ಇದೆ. ಸಿದ್ಧ ಕಂಪನಿಗೆ ಪೂರ್ತಿ ಹಣ ಕೊಟ್ಟ ಮೇಲೆ ಅನುಮತಿ ನಿರಾಕರಣೆಯಾದರೆ ಆ ಹಣದ ಗತಿಯೇನೆಂಬುದನ್ನು ಕರಾರಿನಲ್ಲಿ ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು.

ಅರ್ಜಿಯ ಹಂತಗಳು

ಅರ್ಜಿಯೊಂದಿಗೆ ಸಲ್ಲಿಸಬೇಕಾದ ಮುಖ್ಯ ದಾಖಲೆಗಳು ಇವು: ಸಂಘಟನಾ ನಿಯಮಗಳು, ಯಾವ ಸೇವೆಯನ್ನು ಯಾರಿಗೆ, ಹೇಗೆ ಒದಗಿಸಲಾಗುವುದೆಂಬ ಕಾರ್ಯಯೋಜನೆ, ಬಂಡವಾಳದ ಪುರಾವೆ, ಆಡಳಿತ ಹಾಗೂ ಆಂತರಿಕ ನಿಯಂತ್ರಣ ವ್ಯವಸ್ಥೆಯ ವಿವರ, ನಿರ್ದೇಶಕರ ಹಾಗೂ ಪ್ರಮುಖ ಷೇರುದಾರರ ಅರ್ಹತೆಯ ಪುರಾವೆ, ಅಕ್ರಮ ಹಣ ವರ್ಗಾವಣೆ ತಡೆಯುವ ಕ್ರಮಗಳು, ಅನಿರೀಕ್ಷಿತ ಅಡಚಣೆಯಾದಾಗ ವ್ಯವಹಾರ ಮುಂದುವರಿಸುವ ಯೋಜನೆ, ಗಣಕ ವ್ಯವಸ್ಥೆಯ ತಾಂತ್ರಿಕ ದಾಖಲೆ ಮತ್ತು ಸಾಮಾನ್ಯ ಭಾಷೆಯಲ್ಲಿ ಅದರ ವಿವರಣೆ, ಗ್ರಾಹಕರ ಆಸ್ತಿಯನ್ನು ಪ್ರತ್ಯೇಕವಾಗಿಡುವ ವಿಧಾನ, ದೂರುಗಳನ್ನು ಇತ್ಯರ್ಥಪಡಿಸುವ ವಿಧಾನ.

ಕಾಲಾವಧಿಯನ್ನೂ ಮಿಕಾ ನಿಗದಿಪಡಿಸಿದೆ. ಅರ್ಜಿ ತಲುಪಿದ 5 ಕೆಲಸದ ದಿನಗಳೊಳಗೆ ಸ್ವೀಕೃತಿ ನೀಡಬೇಕು. 25 ಕೆಲಸದ ದಿನಗಳೊಳಗೆ ಅರ್ಜಿ ಪೂರ್ಣವಾಗಿದೆಯೇ ಎಂದು ನೋಡಬೇಕು. ಪೂರ್ಣವಾದ ಅರ್ಜಿಯ ಮೇಲೆ 40 ಕೆಲಸದ ದಿನಗಳೊಳಗೆ ನಿರ್ಣಯವಾಗಬೇಕು. ಹೆಚ್ಚಿನ ಮಾಹಿತಿ ಕೇಳಿದಾಗ 20 ಕೆಲಸದ ದಿನಗಳವರೆಗೆ ಗಡಿಯಾರ ನಿಲ್ಲಬಹುದು. ಎಲ್ಲವೂ ಸರಿಯಾಗಿದ್ದರೆ ಮೂರು ನಾಲ್ಕು ತಿಂಗಳು. ಅರ್ಜಿ ಅಪೂರ್ಣವಾಗಿದ್ದರೆ ಅದಕ್ಕಿಂತ ಬಹಳ ಹೆಚ್ಚು. ಈ ಅವಧಿಯುದ್ದಕ್ಕೂ ಬಾಡಿಗೆ, ಸಂಬಳ ನಡೆಯುತ್ತಲೇ ಇರುತ್ತವೆ, ಆದಾಯ ಮಾತ್ರ ಇರುವುದಿಲ್ಲ ಎಂಬುದನ್ನು ಹಣದ ಹರಿವಿನ ಅಂದಾಜಿನಲ್ಲಿ ಸೇರಿಸಿಕೊಳ್ಳಬೇಕು.

ಈ ಶ್ರಮಕ್ಕೆ ತಕ್ಕ ಪ್ರತಿಫಲವೂ ಇದೆ. ಒಂದು ಸದಸ್ಯ ದೇಶದಲ್ಲಿ ಪಡೆದ ಪರವಾನಗಿಯಿಂದ ಒಕ್ಕೂಟದ 27 ದೇಶಗಳಲ್ಲಿಯೂ ಸೇವೆ ನೀಡಬಹುದು. ಪ್ರತಿ ದೇಶಕ್ಕೂ ಬೇರೆ ಬೇರೆ ಅರ್ಜಿ ಬೇಕಿಲ್ಲ; ಸ್ವದೇಶದ ಪ್ರಾಧಿಕಾರಕ್ಕೆ ಮಾಹಿತಿ ಸಲ್ಲಿಸಿದ ಗರಿಷ್ಠ 15 ದಿನಗಳ ನಂತರ ಇತರ ದೇಶಗಳಲ್ಲಿ ವ್ಯವಹಾರ ಆರಂಭಿಸಬಹುದು. ಹಳೆಯ 345 ಯೂರೋ ಪರವಾನಗಿಗೆ ಈ ಹಕ್ಕು ಇರಲಿಲ್ಲ.

ಪರವಾನಗಿ ದೊರೆತ ಮೇಲೆ

ಗ್ರಾಹಕರಿಂದ ಬಂದ ಹಣವನ್ನು ಮರುದಿನದ ವ್ಯವಹಾರ ಮುಗಿಯುವುದರೊಳಗೆ ಬ್ಯಾಂಕಿನ ಪ್ರತ್ಯೇಕ ಖಾತೆಗೆ ಜಮಾ ಮಾಡಬೇಕು. ಗ್ರಾಹಕರ ಆಸ್ತಿಯನ್ನು ಸ್ವಂತ ವ್ಯವಹಾರಕ್ಕೆ ಬಳಸುವಂತಿಲ್ಲ. ಕಾಯ್ದಿಡುವ ಸಂಸ್ಥೆಯ ಕಾರಣದಿಂದ ಗ್ರಾಹಕರ ಕ್ರಿಪ್ಟೋ ಕಳೆದುಹೋದರೆ, ನಷ್ಟವಾದ ಸಮಯದ ಮಾರುಕಟ್ಟೆ ಬೆಲೆಯವರೆಗೆ ಆ ಸಂಸ್ಥೆಯೇ ಹೊಣೆ. ಪ್ರತಿಯೊಂದು ವರ್ಗಾವಣೆಯಲ್ಲಿಯೂ, ಮೊತ್ತ ಎಷ್ಟೇ ಚಿಕ್ಕದಿರಲಿ, ಕಳುಹಿಸುವವರ ಹಾಗೂ ಪಡೆಯುವವರ ವಿವರಗಳು ಜೊತೆಯಲ್ಲಿಯೇ ಸಾಗಬೇಕು. ಈ ನಿಯಮವೂ 2024ರ ಡಿಸೆಂಬರ್ 30ರಿಂದ ಅನ್ವಯವಾಗಿದೆ. 2026ರ ಜನವರಿ 1ರಿಂದ ಬಳಕೆದಾರರ ವಹಿವಾಟಿನ ಮಾಹಿತಿಯನ್ನು ತೆರಿಗೆ ಇಲಾಖೆಗೆ ವರದಿ ಮಾಡಲು ಸಂಗ್ರಹಿಸುವುದೂ ಕಡ್ಡಾಯವಾಯಿತು.

ಪರವಾನಗಿಯನ್ನು ಪೆಟ್ಟಿಗೆಯಲ್ಲಿಟ್ಟು ಬೆಲೆ ಏರಲೆಂದು ಕಾಯುವಂತಿಲ್ಲ. 12 ತಿಂಗಳೊಳಗೆ ಬಳಸದಿದ್ದರೆ ಅಥವಾ ಸತತ 9 ತಿಂಗಳು ಸೇವೆ ನಿಲ್ಲಿಸಿದರೆ ಅದನ್ನು ಹಿಂಪಡೆಯಲಾಗುತ್ತದೆ. ಸೇವಾ ಸಂಸ್ಥೆಗಳ ನಿಯಮೋಲ್ಲಂಘನೆಗೆ ಕಂಪನಿಗಳ ಮೇಲೆ ವಿಧಿಸಬಹುದಾದ ಗರಿಷ್ಠ ದಂಡ ಕನಿಷ್ಠಪಕ್ಷ 50 ಲಕ್ಷ ಯೂರೋ ಅಥವಾ ವಾರ್ಷಿಕ ವಹಿವಾಟಿನ ಶೇ. 5ರ ಮಟ್ಟದಲ್ಲಿರಬೇಕೆಂದು ಮಿಕಾ ಸದಸ್ಯ ದೇಶಗಳಿಗೆ ವಿಧಿಸಿದೆ.

ಭಾರತದ ನಿವಾಸಿಗಳು ಗಮನಿಸಬೇಕಾದುದು

ಎಸ್ಟೋನಿಯಾದ ಬಾಗಿಲು ತೆರೆದರೂ ಭಾರತದ ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆಯ ಬಾಗಿಲು ತೆರೆಯಬೇಕು. ಉದಾರೀಕೃತ ರವಾನೆ ಯೋಜನೆಯಲ್ಲಿ ನಿವಾಸಿ ವ್ಯಕ್ತಿಯೊಬ್ಬರು ಹಣಕಾಸು ವರ್ಷವೊಂದಕ್ಕೆ 2,50,000 ಅಮೆರಿಕನ್ ಡಾಲರ್‌ವರೆಗೆ ಕಳುಹಿಸಬಹುದು. ಆದರೆ 2022ರ ಸಾಗರೋತ್ತರ ಹೂಡಿಕೆ ನಿಯಮಗಳಂತೆ, ಹಣಕಾಸು ಸೇವೆಯಲ್ಲಿ ತೊಡಗಿರುವ ವಿದೇಶೀ ಸಂಸ್ಥೆಯಲ್ಲಿ ವ್ಯಕ್ತಿಗಳು ನೇರ ಹೂಡಿಕೆ ಮಾಡಲು ಸಾಮಾನ್ಯವಾಗಿ ಅವಕಾಶವಿಲ್ಲ. ಒಂದು ಚಟುವಟಿಕೆ ಹಣಕಾಸು ಸೇವೆಯೇ ಎಂಬುದನ್ನು, ಅದೇ ಚಟುವಟಿಕೆಯನ್ನು ಭಾರತದಲ್ಲಿ ನಡೆಸಿದ್ದರೆ ಇಲ್ಲಿನ ಹಣಕಾಸು ಕ್ಷೇತ್ರದ ನಿಯಂತ್ರಕರ ಬಳಿ ನೋಂದಣಿ ಬೇಕಾಗುತ್ತಿತ್ತೇ ಎಂಬುದರ ಮೇಲೆ ನಿರ್ಧರಿಸಲಾಗುತ್ತದೆ. ಕ್ರಿಪ್ಟೋ ವ್ಯವಹಾರ ಈ ವ್ಯಾಖ್ಯೆಯೊಳಗೆ ನೇರವಾಗಿ ಹೊಂದಿಕೊಳ್ಳುವುದೂ ಇಲ್ಲ, ನೇರವಾಗಿ ಹೊರಗುಳಿಯುವುದೂ ಇಲ್ಲ. ಆದ್ದರಿಂದ ಹಣ ಕಳುಹಿಸುವ ಮೊದಲೇ ಅಧಿಕೃತ ಡೀಲರ್ ಬ್ಯಾಂಕಿನ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯಬೇಕು. ಹೂಡಿಕೆಗೆ ಮುನ್ನ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯುವುದು, ಪ್ರತಿವರ್ಷ ಡಿಸೆಂಬರ್ 31ರೊಳಗೆ ವಾರ್ಷಿಕ ಕಾರ್ಯಸಾಧನೆ ವರದಿ ಸಲ್ಲಿಸುವುದು ಇತ್ಯಾದಿ ಹೊಣೆಗಳೂ ಇವೆ.

ತೆರಿಗೆಯ ವಿಷಯದಲ್ಲಿ ಎಸ್ಟೋನಿಯಾ ಲಾಭ ಗಳಿಸಿದಾಗ ತೆರಿಗೆ ವಿಧಿಸದೆ, ಲಾಭ ಹಂಚಿದಾಗ ಮಾತ್ರ ವಿಧಿಸುತ್ತದೆ. 2025ರಿಂದ ಇದರ ದರ ಶೇ. 22. ಇದು ಆಕರ್ಷಕವಾಗಿ ಕಂಡರೂ, ಕಂಪನಿಯ ಪರಿಣಾಮಕಾರಿ ಆಡಳಿತ ಭಾರತದಿಂದ ನಡೆಯುತ್ತಿದ್ದರೆ ಅದನ್ನು ಭಾರತದ ನಿವಾಸಿ ಕಂಪನಿಯೆಂದೇ ಪರಿಗಣಿಸಿ ತೆರಿಗೆ ವಿಧಿಸಬಹುದು. ಮಿಕಾ ಬೇಡುವುದು ಒಕ್ಕೂಟದೊಳಗಿನ ಆಡಳಿತವನ್ನು; ಭಾರತದ ತೆರಿಗೆ ಕಾನೂನು ಪರೀಕ್ಷಿಸುವುದೂ ಅದನ್ನೇ. ಆಡಳಿತದ ಸ್ಥಳವನ್ನು ಕಾಗದದಲ್ಲಿ ಮಾತ್ರ ತೋರಿಸಿದವರು ಎರಡೂ ಕಡೆ ಸಿಲುಕಿಕೊಳ್ಳುತ್ತಾರೆ. ವಿದೇಶೀ ಷೇರು ಮತ್ತು ಬ್ಯಾಂಕ್ ಖಾತೆಗಳನ್ನು ಆದಾಯ ತೆರಿಗೆ ವಿವರಪಟ್ಟಿಯಲ್ಲಿ ತೋರಿಸದಿದ್ದರೆ 2015ರ ಕಪ್ಪುಹಣ ಕಾಯಿದೆಯಡಿ ರೂ. 10 ಲಕ್ಷ ದಂಡ ವಿಧಿಸಲು ಅವಕಾಶವಿದೆ.

ಯೂರೋಪಿನ ಪರವಾನಗಿಯಿಂದ ಭಾರತದ ಗ್ರಾಹಕರಿಗೆ ಸೇವೆ ನೀಡುವ ಹಕ್ಕು ದೊರೆಯುವುದಿಲ್ಲ. 2023ರ ಮಾರ್ಚ್ 7ರ ಅಧಿಸೂಚನೆಯಿಂದ ಕ್ರಿಪ್ಟೋ ಸೇವಾ ಸಂಸ್ಥೆಗಳು ಭಾರತದ ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ವ್ಯಾಪ್ತಿಗೆ ಬಂದವು. ನೋಂದಣಿಯಿಲ್ಲದೆ ಇಲ್ಲಿ ವ್ಯವಹರಿಸುತ್ತಿದ್ದ ಒಂಬತ್ತು ವಿದೇಶೀ ಸಂಸ್ಥೆಗಳಿಗೆ ಕೇಂದ್ರದ ಹಣಕಾಸು ಗುಪ್ತಚರ ಘಟಕ 2023ರ ಡಿಸೆಂಬರ್‌ನಲ್ಲಿ ನೋಟಿಸ್ ನೀಡಿತು.

ರಫ್ತುದಾರರಿಗೂ ಒಂದು ಎಚ್ಚರಿಕೆಯ ಮಾತು ಅಗತ್ಯ. ಯೂರೋಪಿನ ಖರೀದಿದಾರರು ಪರವಾನಗಿ ಹೊಂದಿದ ವಿನಿಮಯ ಸಂಸ್ಥೆಯ ಮೂಲಕವೇ ಕ್ರಿಪ್ಟೋ ಕಳುಹಿಸುವುದಾಗಿ ಹೇಳಬಹುದು. ಆ ಪರವಾನಗಿ ಅವರ ದೇಶದ ಮಾತು. ಭಾರತದ ರಫ್ತಿನ ಹಣ ಅಧಿಕೃತ ಡೀಲರ್ ಬ್ಯಾಂಕಿನ ಮೂಲಕ ಬಂದು ಸೇರಬೇಕು. ವ್ಯಾಲೆಟ್‌ಗೆ ಬಂದ ಟೋಕನ್‌ಗಳಿಂದ ರಫ್ತು ಬಿಲ್ ತೀರುವಳಿಯಾಗುವುದಿಲ್ಲ. ಬ್ಯಾಂಕಿನ ದಾಖಲೆಯಲ್ಲಿ ಆ ಬಿಲ್ ಬಾಕಿಯಾಗಿಯೇ ಉಳಿಯುತ್ತದೆ.

ಮಧ್ಯವರ್ತಿಯನ್ನು ಕೇಳಬೇಕಾದ ಪ್ರಶ್ನೆಗಳು

ಪರವಾನಗಿ ಕೊಡಿಸುವುದಾಗಿ ಮುಂದೆ ಬರುವವರನ್ನು ಕೆಳಗಿನ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಕ್ಷೇಮಕರ:

1. ದೊರೆಯುವುದು ಕಂಪನಿಯ ನೋಂದಣಿ ಪತ್ರವೇ, ಹಳೆಯ ಕಾಯಿದೆಯ ಪರವಾನಗಿಯೇ ಅಥವಾ ಮಿಕಾ ಪರವಾನಗಿಯೇ?
2. ಅದು ಹತ್ತು ಸೇವೆಗಳಲ್ಲಿ ಯಾವುದಕ್ಕೆ ಅನ್ವಯಿಸುತ್ತದೆ?
3. ಒಕ್ಕೂಟದಲ್ಲಿ ವಾಸಿಸುವ ನಿರ್ದೇಶಕರು ಯಾರು? ಅವರು ಇನ್ನೆಷ್ಟು ಕಂಪನಿಗಳಲ್ಲಿದ್ದಾರೆ? ಅವರ ವೇತನವೆಷ್ಟು?
4. ಮೊದಲ ಎರಡು ವರ್ಷಗಳ ಸ್ಥಿರ ವೆಚ್ಚ ಮತ್ತು ಅದಕ್ಕೆ ಅನುಗುಣವಾದ ಬಂಡವಾಳವೆಷ್ಟು?
5. ಅರ್ಜಿ ತಿರಸ್ಕೃತವಾದರೆ ಶುಲ್ಕದ ಎಷ್ಟು ಭಾಗ ಹಿಂದಿರುಗುತ್ತದೆ?

ಯಾವ ಸಂಸ್ಥೆಗೆ ಮಿಕಾ ಪರವಾನಗಿ ಇದೆ ಎಂಬುದನ್ನು ಯೂರೋಪಿಯನ್ ಷೇರುಪೇಟೆ ಮತ್ತು ಮಾರುಕಟ್ಟೆ ಪ್ರಾಧಿಕಾರದ ಸಾರ್ವಜನಿಕ ದಾಖಲೆಯಲ್ಲಿ ಯಾರು ಬೇಕಾದರೂ ನೋಡಬಹುದು. ಹಣ ತೊಡಗಿಸುವವರಿಗೆ, ಸರಕು ಪೂರೈಸುವವರಿಗೆ, ಸಾಫ್ಟ್‌ವೇರ್ ಮಾರುವವರಿಗೆ ಇದು ಖರ್ಚಿಲ್ಲದ ಮೊದಲ ತಪಾಸಣೆ.

ಎಸ್ಟೋನಿಯಾದಲ್ಲಿ 345 ಯೂರೋ ಕೊಟ್ಟು ಪರವಾನಗಿ ಪಡೆದ ಸಾವಿರಕ್ಕೂ ಹೆಚ್ಚು ಸಂಸ್ಥೆಗಳಲ್ಲಿ ಬಹುತೇಕ ಇಂದು ಇಲ್ಲ. ಅಲ್ಲಿ ಕಚೇರಿ ತೆರೆದು, ಬಲ್ಲವರನ್ನು ನೇಮಿಸಿ, ಬಂಡವಾಳ ತೊಡಗಿಸಿ, ಲೆಕ್ಕಪತ್ರ ಸರಿಯಾಗಿಟ್ಟವರಿಗೆ ಮಾತ್ರ ಪ್ರತಿ ತಿದ್ದುಪಡಿಯನ್ನೂ ದಾಟಿ ಮುಂದುವರಿಯುವುದು ಸಾಧ್ಯವಾಯಿತು. ಈ ನಾಲ್ಕು ವೆಚ್ಚಗಳನ್ನು ಐದು ವರ್ಷಗಳಿಗೆ ಹಾಕಿ ನೋಡಿದಾಗ ವ್ಯವಹಾರದ ಲಾಭ ಅದನ್ನು ಭರಿಸುವುದಾದರೆ ಮುಂದುವರಿಯಬಹುದು. ಭರಿಸದಿದ್ದರೆ ಅರ್ಜಿಯ ನಮೂನೆಯನ್ನು ತುಂಬದಿರುವುದೇ ಲಾಭಕರ.